ಸಿಸೆರೊನ ಪುಸ್ತಕ ಕದ್ದು ಓಡಿದ ಡಯೋನೀಸಿಯಸ್: ಕಾದಂಬರಿಗೊಂದು ಕವಲು ಬೇಕಾಗಿದೆ

ಸುರುಳಿಗಾರ

ಗೆಳೆಯರೇ, ಎರಡು ವರ್ಷದಿಂದ ಒಬ್ಬ ಗುಲಾಮ ನನ್ನ ತಲೆಯೊಳಗೆ ಕೂತಿದ್ದಾನೆ. ಹೆಸರು ಡಯೋನೀಸಿಯಸ್. ರೋಮಿನ ದೊಡ್ಡ ವಾಗ್ಮಿ ಸಿಸೆರೊನ ಪುಸ್ತಕ ಭಂಡಾರ ನೋಡಿಕೊಳ್ಳುತ್ತಿದ್ದವನು, ಒಡೆಯನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದವನು. ಅವನ ಬಗ್ಗೆ ಉಳಿದಿರುವುದೆಲ್ಲ ನಾಲ್ಕು ಪತ್ರಗಳಲ್ಲಿ ಚದುರಿದ ಕೆಲವೇ ಸಾಲು. ಅಷ್ಟರಲ್ಲೇ ಒಂದು ಇಡೀ ಬದುಕು ಕಾಣುತ್ತದೆ.

ಕ್ರಿ.ಪೂ. 46ರಲ್ಲಿ ಸಿಸೆರೊ ಏಡ್ರಿಯಾಟಿಕ್ ಕಡಲಿನಾಚೆಯ ಇಲ್ಲಿರಿಯಾ ಪ್ರಾಂತ್ಯದ ಅಧಿಕಾರಿ ಸುಲ್ಪಿಸಿಯಸ್ ರೂಫಸನಿಗೆ ಪತ್ರ ಬರೆಯುತ್ತಾನೆ. ಬಹಳ ಹಣ ಬೆಲೆಬಾಳುವ ನನ್ನ ಭಂಡಾರ ಇವನ ಕೈಯಲ್ಲಿತ್ತು, ಎಷ್ಟೋ ಪುಸ್ತಕ ಕದ್ದ, ಶಿಕ್ಷೆ ತಪ್ಪದು ಎಂದು ತಿಳಿದು ಓಡಿಹೋದ, ಈಗ ನಿನ್ನ ಪ್ರಾಂತ್ಯದಲ್ಲಿದ್ದಾನೆ. ನರೋನಾ ಊರಿನಲ್ಲಿ ನನ್ನ ಗೆಳೆಯ ಬೊಲಾನಸ್ ಅವನನ್ನು ಕಣ್ಣಾರೆ ಕಂಡಿದ್ದಾನೆ, ಇನ್ನೂ ಹಲವರು ಕಂಡಿದ್ದಾರೆ. ಆದರೆ 'ಒಡೆಯರು ನನಗೆ ಬಿಡುಗಡೆ ಕೊಟ್ಟಿದ್ದಾರೆ' ಎಂದು ಅವನು ಹೇಳಿದ, ಇವರು ನಂಬಿಬಿಟ್ಟರು. ಪತ್ರದ ಕೊನೆಗೆ ಹೀಗೂ ಹೇಳುತ್ತಾನೆ: ವಿಷಯ ಸಣ್ಣದು, ನನ್ನ ಮನಸ್ಸಿನ ನೋವು ದೊಡ್ಡದು.

ಆ 'ನಂಬಿಬಿಟ್ಟರು' ನನ್ನನ್ನು ಬಿಡುತ್ತಿಲ್ಲ. ಇವನನ್ನು ಇಟ್ಟುಕೊಂಡು ಪರ್ಯಾಯ ಇತಿಹಾಸದ ಕಾದಂಬರಿ ಬರೆಯಬೇಕೆಂದಿದ್ದೇನೆ. ನಿಜವಾಗಿ ನಡೆದ ಇತಿಹಾಸ ಎಲ್ಲಿ ಕವಲೊಡೆದರೆ ಇವನ ಕತೆ ಬಿಚ್ಚಿಕೊಳ್ಳುತ್ತದೆ? ಬಲ್ಲವರು ಹೇಳಿ. ತಪ್ಪಿದ್ದರೆ ತಿದ್ದಿ.

ಕತೆಕೇಳುಗ

ಕವಲು ಅಂದರೆ ಸ್ಪಾರ್ಟಕಸ್ ಗೆದ್ದಿದ್ದರೆ ಅನ್ನೋದೇ ಅಲ್ವಾ ಸರ್? ಗುಲಾಮರ ರಾಜ್ಯವೇ ಬಂದಿದ್ದರೆ ನಿಮ್ಮ ಡಯೋನೀಸಿಯಸ್ ಅಲ್ಲಿ ಮಂತ್ರಿಯಾಗಬಹುದು. ಓದುಗರಿಗೂ ಪರಿಚಯದ ಹೆಸರು.

ಸುರುಳಿಗಾರ

ಅದನ್ನು ಯೋಚಿಸಿ ಬಿಟ್ಟೆ. ಸ್ಪಾರ್ಟಕಸ್ ನಡೆಸಿದ ಗುಲಾಮರ ದಂಗೆ ಕ್ರಿ.ಪೂ. 73ರಿಂದ 71. ಸೋತ ಮೇಲೆ ಕಪುವಾದಿಂದ ರೋಮಿನವರೆಗೆ ಅಪ್ಪಿಯನ್ ರಸ್ತೆಯುದ್ದಕ್ಕೂ 6000 ಜನರನ್ನು ಶಿಲುಬೆಗೆ ಏರಿಸಿದರು. ಆ ದಂಗೆಯ ಕತೆಯಲ್ಲಿ ಕತ್ತಿ ಹಿಡಿದವನು ನಾಯಕ. ನನ್ನವನ ಕೈಯಲ್ಲಿದ್ದದ್ದು ಲೇಖನಿ. ಅವನಿಗೆ ಸಿಕ್ಕ ಓದೇ ಅವನ ಸಂಕೋಲೆಯೂ ಆಗಿತ್ತು, ಆ ಸಂಕೋಲೆಯ ಕೀಲಿಯೂ ಆಗಿತ್ತು. ಆ ಎರಡೂ ಒಟ್ಟಿಗೆ ಬರಬೇಕು.

ಶಾಸನಪ್ರಿಯೆ

ಒಂದು ಎಚ್ಚರಿಕೆ. ಸಿಸೆರೊನ ಪತ್ರಗಳಲ್ಲಿ ಇಬ್ಬರು ಡಯೋನೀಸಿಯಸ್ ಬರುತ್ತಾರೆ. ಒಬ್ಬ ಸಿಸೆರೊನ ಆಪ್ತ ಗೆಳೆಯ ಅಟ್ಟಿಕಸನಿಂದ ಬಿಡುಗಡೆ ಪಡೆದವನು, ಸಿಸೆರೊನ ಮಗನಿಗೆ ಪಾಠ ಹೇಳಿದ ವಿದ್ವಾಂಸ. ಅವನ ಹೊಸ ಹೆಸರು ಮಾರ್ಕಸ್ ಪಂಪೋನಿಯಸ್ ಡಯೋನೀಸಿಯಸ್. ಅವನ ಮೇಲೂ ಸಿಸೆರೊ ಮುನಿಸಿಕೊಂಡಿದ್ದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಓಡಿಹೋದವನು ಬೇರೆ.

ಈ ಹೆಸರಿನ ವಿಚಾರ ಕಾದಂಬರಿಗೆ ಬೇಕಾಗುತ್ತದೆ. ಬಿಡುಗಡೆಯಾದವನು ಸಾಮಾನ್ಯವಾಗಿ ಒಡೆಯನ ಮೊದಲೆರಡು ಹೆಸರನ್ನು ಹೊತ್ತುಕೊಳ್ಳುತ್ತಾನೆ. ಸಿಸೆರೊನ ಆಪ್ತ ಬರಹಗಾರ ಟೀರೊ ಕ್ರಿ.ಪೂ. 53ರಲ್ಲಿ ಬಿಡುಗಡೆಯಾಗಿ ಮಾರ್ಕಸ್ ಟುಲ್ಲಿಯಸ್ ಟೀರೊ ಆದ. ಹಾಗಾದರೆ ನರೋನಾದ ಬೀದಿಯಲ್ಲಿ ನಿಮ್ಮವನು ತನ್ನನ್ನು ಮಾರ್ಕಸ್ ಟುಲ್ಲಿಯಸ್ ಡಯೋನೀಸಿಯಸ್ ಎಂದು ಹೇಳಿಕೊಂಡಿರಬೇಕು. ಕದ್ದದ್ದು ಪುಸ್ತಕ ಮಾತ್ರ ಅಲ್ಲ, ಒಡೆಯನ ಹೆಸರನ್ನೂ.

ಹೊಳೆದಂಡೆ

ಒಂದು ಮಾತಿಗೆ ಜನ ಹೇಗೆ ನಂಬಿದರು ಅನ್ನುವುದೇ ನನಗೆ ಅರ್ಥವಾಗುತ್ತಿಲ್ಲ. ಗುಲಾಮ ಅಂದರೆ ಮೈಮೇಲೆ ಗುರುತು ಇರಲಿಲ್ಲವೇ? ಬಟ್ಟೆ ಬೇರೆ ಇರಲಿಲ್ಲವೇ?

ಶಾಸನಪ್ರಿಯೆ

ಬಟ್ಟೆಯಲ್ಲಿ ಗುರುತು ಇರಲಿಲ್ಲ. ಗುಲಾಮರಿಗೆ ಬೇರೆ ಉಡುಪು ಇರಲಿ ಎಂಬ ಪ್ರಸ್ತಾಪ ಒಮ್ಮೆ ಸೆನೆಟ್ಟಿಗೆ ಬಂದಿತ್ತು. ಗುಲಾಮರು ನಮ್ಮನ್ನು ಎಣಿಸತೊಡಗಿದರೆ ಎಂಥ ಅಪಾಯ ಎಂದು ಆಗ ಹೊಳೆಯಿತು ಎನ್ನುತ್ತಾನೆ ತತ್ತ್ವಜ್ಞಾನಿ ಸೆನೆಕ. ಓಡಿ ಸಿಕ್ಕಿಬಿದ್ದವರ ಹಣೆಗೆ ಬರೆ ಹಾಕುತ್ತಿದ್ದದ್ದು ನಿಜ, ಮುಂದಿನ ಕಾಲದಲ್ಲಿ ಕೊರಳಿಗೆ ಕಬ್ಬಿಣದ ಪಟ್ಟಿ ಬಿಗಿದು 'ನಾನು ಓಡಿ ಬಂದಿದ್ದೇನೆ, ನನ್ನನ್ನು ಹಿಡಿ' ಎಂದು ಬರೆಸಿದ್ದೂ ನಿಜ. ಅಂಥ ಪಟ್ಟಿಗಳು ಸಿಕ್ಕಿವೆ. ಆದರೆ ಶ್ರೀಮಂತನ ಮನೆಯ ಓದುಬಲ್ಲ ಗುಲಾಮನ ಮೈ ನಯವಾಗಿರುತ್ತದೆ. ಶುದ್ಧ ಗ್ರೀಕ್ ಮಾತಾಡುತ್ತಾನೆ, ಲ್ಯಾಟಿನ್ ಬಲ್ಲ, ಮರಳು ಹೊತ್ತ ಕೈಯಲ್ಲ ಅವನದು. ಇಂಥವನು ಬಿಡುಗಡೆಯಾಗಿದೆ ಎಂದರೆ ಯಾರು ಅನುಮಾನ ಪಡುತ್ತಾರೆ? ಟೀರೊನಂಥವರನ್ನು ಅವರು ನೋಡಿದ್ದರಲ್ಲ. ಆ ಮನೆಯಲ್ಲಿ ಅದು ನಡೆಯಬಹುದಾದ ಮಾತು.

ಬಿಡುಗಡೆಗೆ ಮೂರು ದಾರಿ: ನ್ಯಾಯಾಧಿಕಾರಿಯ ಮುಂದೆ ಕೋಲು ಮುಟ್ಟಿಸಿ, ಜನಗಣತಿಯಲ್ಲಿ ಪೌರನೆಂದು ಬರೆಸಿ, ಇಲ್ಲವೇ ಒಡೆಯನ ಮರಣಶಾಸನದಲ್ಲಿ. ಬಿಡುಗಡೆಗೆ ಗುಲಾಮನ ಬೆಲೆಯ ನೂರಕ್ಕೆ 5ರಷ್ಟು ತೆರಿಗೆ ಕಟ್ಟಬೇಕಿತ್ತು.

ಪದಕೋಶ

ಇತಿಹಾಸ ನೀವು ನೋಡಿಕೊಳ್ಳಿ. ನನ್ನ ತಕರಾರು ಕನ್ನಡದ್ದು. ಇವನನ್ನು ಏನೆಂದು ಕರೆಯುತ್ತೀರಿ?

'ದಾಸ' ಬೇಡ. ನಮ್ಮ ಕಿವಿಗೆ ದಾಸ ಎಂದರೆ ತಂಬೂರಿ, ಗೆಜ್ಜೆ, ಹರಿಭಕ್ತಿ. ತಾನಾಗಿ ಬಯಸಿ ಪಡೆದ ಪದವಿ ಅದು. 'ತೊತ್ತು' ಹಳೆಯ ಪದ, ಚೆನ್ನಾಗಿದೆ, ಆದರೆ ಹೆಚ್ಚಾಗಿ ಹೆಂಗಸಿಗೆ ಹೇಳುವಂಥದ್ದು, ಈಗ ಬೈಗುಳವಾಗಿ ಉಳಿದಿದೆ. 'ಜೀತ'ದಲ್ಲಿ ಸಾಲ ಇದೆ. ಸಾಲ ತೀರುವುದು ಎಂಬ ಸುಳ್ಳಾದರೂ ಇದೆ. ರೋಮಿನ ಗುಲಾಮನಿಗೆ ಆ ಸುಳ್ಳೂ ಇಲ್ಲ, ಅವನು ಮಾಲು. ಹೊಲಕ್ಕೆ ಬೇಕಾದ ಸಾಧನಗಳನ್ನು ಪಟ್ಟಿ ಮಾಡುವಾಗ ವಾರೊ ಎಂಬ ಪಂಡಿತ ಮೂರು ಬಗೆ ಹೇಳುತ್ತಾನಂತೆ: ಮಾತು ಬಾರದ ಬಂಡಿ, ಅರೆಮಾತಿನ ಎತ್ತು, ಮಾತು ಬಲ್ಲ ಗುಲಾಮ. ಹಾಗಾಗಿ ಒಟ್ಟಾರೆ ಹೇಳುವಾಗ 'ಗುಲಾಮ'ನೇ ಸರಿ.

ಆದರೆ ಇವನ ಕೆಲಸಕ್ಕೆ? ಗ್ರೀಕಿನಲ್ಲಿ ಅನಾಗ್ನೋಸ್ಟೀಸ್, ಗಟ್ಟಿಯಾಗಿ ಓದುವವನು. 'ವಾಚಕ' ಎಂದರೆ ಆಕಾಶವಾಣಿ ನೆನಪಾಗುತ್ತದೆ. 'ಗಮಕಿ' ಎಂದರೆ ಶಾಲು ಹೊದಿಸಿ ಕೂರಿಸಬೇಕು. ನನ್ನ ಸಲಹೆ: 'ಓದಾಳು'. ಹೊಲದಾಳು, ಮನೆಯಾಳು ಇದ್ದ ಹಾಗೆ ಓದಾಳು. ಕೇಳಿದ ಕೂಡಲೇ ಆಳು ಎಂಬುದೂ ತಿಳಿಯುತ್ತದೆ, ಓದು ಎಂಬುದೂ.

ಸುರುಳಿಗಾರ

ಓದಾಳು! ಹಸ್ತಪ್ರತಿಯ ತುಂಬ 'ವಾಚಕ' ಎಂದು ಬರೆದಿದ್ದೆ, ಈಗಲೇ ಬದಲಿಸುತ್ತೇನೆ. ನಮಸ್ಕಾರ ನಿಮಗೆ.

ನಿವೃತ್ತ ಮೇಷ್ಟ್ರು

ಜೀತದ ಮಾತು ಬಂತಲ್ರೀ, ಅದಕ್ಕ ಬರೀಲಿಕ್ಕ ಹತ್ತೇನಿ. ನಮ್ಮ ಅಜ್ಜ ಜೀತಕ್ಕಿದ್ದವ. ಸಾವುಕಾರ ಬರೆದ ಕಾಗದಕ್ಕ ಹೆಬ್ಬೆಟ್ಟು ಒತ್ತತಿದ್ದ, ಅದರಾಗ ಏನೈತಿ ಅಂತ ಸಾಯೂತನಕ ಗೊತ್ತಾಗಲಿಲ್ಲ. 1976ರಾಗ ಜೀತ ಮುಗೀತು ಅಂತ ಕಾನೂನು ಬಂದಾಗ ನಮ್ಮಪ್ಪ ನನ್ನ ಸಾಲೀಗೆ ಹಚ್ಚಿದ್ದ, ಅದಕ್ಕ ನಾ ಮೇಷ್ಟ್ರಾದೆ. ಓದಿದ್ರ ಬಿಡುಗಡೆ ಅಂತನ ನಾ ಮೂವತ್ತು ವರ್ಷ ಹುಡುಗರಿಗೆ ಹೇಳಿದೆ. ಈಗ ನೀವು ಹೇಳ್ತೀರಿ, ರೋಮದಾಗ ಗುಲಾಮನಿಗೆ ಒಡೆಯನ ಓದು ಕಲಿಸಿದ್ದ ಅಂತ. ಯಾಕ ಕಲಿಸಿದ? ಓದು ಕಲಿತವ ಪತ್ರ ತಾನ ಬರಕೋತಾನ ಅನ್ನೂ ಅಂಜಿಕಿ ಇರಲಿಲ್ಲೇನು?

ಶಾಸನಪ್ರಿಯೆ

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಕೈಮುಗಿಯುತ್ತೇನೆ. ತಿಳಿದಷ್ಟು ಹೇಳುತ್ತೇನೆ.

ಬೆಲೆ ಏರಲಿ ಎಂದು ಕಲಿಸುತ್ತಿದ್ದರು. ಹಿರಿಯ ಕೇಟೊ ಎಂಬ ರಾಜಕಾರಣಿ ತನ್ನ ಗುಲಾಮರಿಗೆ ಸಾಲ ಕೊಟ್ಟು, ಅವರು ಹುಡುಗರನ್ನು ಕೊಂಡು, ವರ್ಷವಿಡೀ ತರಬೇತಿ ಕೊಟ್ಟು ಮಾರುವಂತೆ ಮಾಡುತ್ತಿದ್ದ. ಸಿರಿವಂತ ಕ್ರಾಸಸ್ ತನ್ನ ಓದಾಳು, ಬರಹಗಾರ, ಬೆಳ್ಳಿ ಕೆಲಸದವರ ಕಲಿಕೆಯನ್ನು ತಾನೇ ನಿಂತು ನೋಡುತ್ತಿದ್ದ. ಅಟ್ಟಿಕಸನ ಮನೆಯಲ್ಲಿ ಪರಿಚಾರಕ ಹುಡುಗನಿಗೂ ಓದಲು, ನಕಲು ಮಾಡಲು ಬರುತ್ತಿತ್ತು. ಡಾಫ್ನಿಸ್ ಎಂಬ ವ್ಯಾಕರಣ ಪಂಡಿತ ಆಗಿನ ರೋಮಿನ ನಾಣ್ಯದಲ್ಲಿ 7,00,000 ಸೆಸ್ಟರ್ಸ್‌ಗೆ ಮಾರಾಟವಾದ. ಸೀಸರನ ಕಾಲದ ಸಿಪಾಯಿಯ ವರ್ಷದ ಸಂಬಳ ಸುಮಾರು 900. ಲೆಕ್ಕ ಹಾಕಿ ನೋಡಿ, ಏಳುನೂರು ವರ್ಷ ದುಡಿದರೂ ಆ ಒಂದು ತಲೆಯ ಬೆಲೆ ಮುಟ್ಟದು. ಕಲಿಸಿದ ಓದೂ ಒಡೆಯನ ಸೊತ್ತೇ.

ಅಂಜಿಕೆಯೂ ಇತ್ತು. ಅದೇ ಕೇಟೊ ತನ್ನ ಮನೆಯಲ್ಲಿ ಖಿಲೊ ಎಂಬ ಒಳ್ಳೆಯ ಮೇಷ್ಟ್ರು ಗುಲಾಮನಿದ್ದರೂ ಮಗನಿಗೆ ತಾನೇ ಅಕ್ಷರ ಕಲಿಸಿದ. ಗುಲಾಮ ತನ್ನ ಮಗನ ಕಿವಿ ಹಿಂಡುವುದು, ವಿದ್ಯೆಯಂಥ ದೊಡ್ಡ ಋಣ ಗುಲಾಮನಿಗೆ ಸಲ್ಲುವುದು ಅವನಿಗೆ ಬೇಡವಾಗಿತ್ತು.

ಇನ್ನೊಂದು ಸಂಗತಿ ನೀವು ಕೇಳಲೇಬೇಕು. ರೆಮ್ಮಿಯಸ್ ಪಲೇಮೊನ್ ಒಬ್ಬ ಹೆಂಗಸಿನ ಮನೆಯ ಗುಲಾಮ. ಮೊದಲು ನೇಯ್ಗೆ ಕಲಿತ. ಒಡತಿಯ ಮಗನ ಜೊತೆ ಶಾಲೆಗೆ ಹೋಗಿ ಬರುತ್ತ ಅಕ್ಷರ ಕಲಿತ. ಬಿಡುಗಡೆಯಾದ ಮೇಲೆ ರೋಮಿನಲ್ಲಿ ಮುಂಚೂಣಿಯ ವ್ಯಾಕರಣ ಗುರುವಾದ. ಸ್ಟಬೇರಿಯಸ್ ಈರೋಸ್ ಎಂಬವನನ್ನು ಮಾರಾಟದ ಕಟ್ಟೆಯಿಂದ ಕೊಂಡು ತಂದಿದ್ದರು. ಸೀಸರನನ್ನು ಕೊಲ್ಲಲಿದ್ದ ಬ್ರೂಟಸ್, ಕಾಸಿಯಸ್ ಇಬ್ಬರಿಗೂ ಮುಂದೆ ಅವನೇ ಪಾಠ ಹೇಳಿದ. ಸುಲ್ಲ ಎಂಬ ಸರ್ವಾಧಿಕಾರಿಯ ಕಾಲದಲ್ಲಿ ಬಹಿಷ್ಕೃತರ, ಎಂದರೆ ಕಂಡಲ್ಲಿ ಕೊಲ್ಲಬಹುದೆಂದು ಪಟ್ಟಿ ಮಾಡಿ ಸಾರಿದವರ, ಮಕ್ಕಳಿಗೆ ಸಂಬಳ ಪಡೆಯದೆ ಕಲಿಸಿದ. ಮೇಷ್ಟ್ರೇ, ನಿಮ್ಮ ಮೂವತ್ತು ವರ್ಷ ಸುಳ್ಳಾಗಿಲ್ಲ.

ಹೊಳೆದಂಡೆ

ಟಿರಾನಿಯೊನನ್ನು ಮರೆಯಬೇಡಿ. ಸಿಸೆರೊನ ಆಂಟಿಯಮ್ ಮನೆಯ ಪುಸ್ತಕಗಳನ್ನು ಕ್ರಿ.ಪೂ. 56ರಲ್ಲಿ ಅಚ್ಚುಕಟ್ಟಾಗಿ ಜೋಡಿಸಿಕೊಟ್ಟ ವಿದ್ವಾಂಸ. ಅಟ್ಟಿಕಸ್ ಕಳಿಸಿದ ಆಳುಗಳು ಸುರುಳಿಗಳಿಗೆ ಅಂಟು ಹಾಕಿ, ಹೆಸರಿನ ಚೀಟಿ ಹಚ್ಚಿದರು. ಆಗ ಮನೆಗೇ ಜೀವ ಬಂದಂತಾಯಿತು ಎಂದು ಸಿಸೆರೊ ಹಿಗ್ಗುತ್ತಾನೆ.

ಆ ಟಿರಾನಿಯೊ ಯುದ್ಧದಲ್ಲಿ ಅಮಿಸಸ್ ಊರು ಬಿದ್ದಾಗ ಸೆರೆಯಾದವನು. ಮುರೇನಾ ಎಂಬ ಅಧಿಕಾರಿ ಅವನನ್ನು ಬೇಡಿ ಪಡೆದು, ಆಮೇಲೆ ಬಿಡುಗಡೆ ಮಾಡಿದ. ಜೀವನಚರಿತ್ರೆಗಾರ ಪ್ಲೂಟಾರ್ಕನಿಗೆ ಇದು ಸಿಟ್ಟು ತರಿಸುತ್ತದೆ. ಬಿಡುಗಡೆ ಮಾಡಿದೆ ಎಂದರೆ ಮೊದಲು ಗುಲಾಮನೆಂದು ಒಪ್ಪಿದ ಹಾಗಾಯಿತು, ಹುಟ್ಟಿನಿಂದ ಇದ್ದ ಸ್ವಾತಂತ್ರ್ಯ ಕಿತ್ತುಕೊಂಡು ತೋರಿಕೆಯ ಸ್ವಾತಂತ್ರ್ಯ ಕೊಟ್ಟ ಹಾಗಾಯಿತು ಎನ್ನುವುದು ಅವನ ವಾದ. ಇದನ್ನು ಓದಿದ ಮೇಲೆ 'ಒಳ್ಳೆಯ ಒಡೆಯ' ಎಂಬ ಮಾತನ್ನು ನಾನು ಬಳಸುವುದು ಬಿಟ್ಟೆ.

ಕತೆಕೇಳುಗ

ಆದರೂ ಸಿಸೆರೊ ಒಳ್ಳೆಯವನೇ ಅಲ್ವಾ? ಟೀರೊನಿಗೆ ಕಾಯಿಲೆ ಬಂದಾಗ ಬರೆದ ಪತ್ರಗಳನ್ನು ಓದಿದರೆ ಕಣ್ಣು ತುಂಬುತ್ತದೆ.

ಹೊಳೆದಂಡೆ

ಪ್ರೀತಿ ಇತ್ತು, ಇಲ್ಲ ಅನ್ನುವುದಿಲ್ಲ. ಟೀರೊನ ಬಿಡುಗಡೆ ಕೇಳಿ ತಮ್ಮ ಕ್ವಿಂಟಸ್ ದೂರದ ಗಾಲ್‌ನಿಂದ ಬರೆಯುತ್ತಾನೆ, ಅವನು ನಮಗೆ ಗುಲಾಮನಾಗಿರುವುದಕ್ಕಿಂತ ಗೆಳೆಯನಾಗಿರುವುದು ಚೆನ್ನ ಎಂದು. ಆದರೆ ಕ್ರಿ.ಪೂ. 61ರಲ್ಲಿ ಸೊಸಿಥಿಯಸ್ ಎಂಬ ಓದಾಳು ಹುಡುಗ ತೀರಿಕೊಂಡಾಗ ಅದೇ ಸಿಸೆರೊ ಬರೆದದ್ದನ್ನೂ ನೋಡಿ: ಒಬ್ಬ ಗುಲಾಮನ ಸಾವಿಗೆ ಮರುಗಬೇಕಾದ್ದಕ್ಕಿಂತ ಹೆಚ್ಚು ಮರುಗಿದ್ದೇನೆ. ಮರುಕಕ್ಕೂ ಅಳತೆಗೋಲು ಇತ್ತು. ಡಯೋನೀಸಿಯಸ್ ಆ ಮನೆಯ ಗಾಳಿ ಉಸಿರಾಡಿದವನು. ಟೀರೊನಿಗೆ ಸಿಕ್ಕಿದ್ದು ತನಗೆ ಸಿಗಲಿಲ್ಲ ಎಂಬ ಸಂಕಟ ಅವನ ಎದೆಯಲ್ಲಿ ಇರದೇ ಇದ್ದೀತೇ? ಕಾದಂಬರಿಕಾರರೇ, ಅಲ್ಲಿ ಕೈಯಾಡಿಸಿ.

ಸುರುಳಿಗಾರ

ಖಂಡಿತ. ಈಗ ಕವಲಿಗೆ ಬರೋಣ. ನನ್ನ ಮೊದಲ ಯೋಚನೆ ಹೀಗಿತ್ತು: ಸಿಸೆರೊ ಸತ್ತಾಗ ಟೀರೊನೂ ಸಾಯುತ್ತಾನೆ, ಪತ್ರಗಳೆಲ್ಲ ಸುಟ್ಟುಹೋಗುತ್ತವೆ, ಡಯೋನೀಸಿಯಸ್ ಕದ್ದ ಪೆಟ್ಟಿಗೆಯಲ್ಲಿದ್ದದ್ದು ಮಾತ್ರ ಜಗತ್ತಿಗೆ ಉಳಿಯುತ್ತದೆ. ಕಳ್ಳನೇ ಕಾಪಾಡಿದವನಾಗುತ್ತಾನೆ.

ಶಾಸನಪ್ರಿಯೆ

ಕೇಳಲು ಚೆಂದ, ನಿಲ್ಲುವುದಿಲ್ಲ. ಅವನು ಓಡಿದ್ದು ಹೆಚ್ಚೆಂದರೆ 46ರ ಹೊತ್ತಿಗೆ. ಸಿಸೆರೊನ ತತ್ತ್ವಗ್ರಂಥಗಳ ದೊಡ್ಡ ಸುಗ್ಗಿ ಅದರ ಮರುವರ್ಷ, 45ರಲ್ಲಿ, ಮಗಳು ಟುಲ್ಲಿಯಾ ತೀರಿಕೊಂಡ ಮೇಲೆ. ಅವು ಆ ಪೆಟ್ಟಿಗೆಯಲ್ಲಿ ಇರಲು ಸಾಧ್ಯವೇ ಇಲ್ಲ. ಅಟ್ಟಿಕಸನಿಗೆ ಬರೆದ ಪತ್ರಗಳು ಅಟ್ಟಿಕಸನ ಬಳಿಯೇ ಇದ್ದವು. ಇನ್ನೂ ಮುಖ್ಯವಾದದ್ದು: ಹೀಗೆ ಬರೆದರೆ ಗುಲಾಮ ಮತ್ತೆ ಒಡೆಯನ ಪುಸ್ತಕ ಹೊತ್ತ ಆಳೇ ಆಗಿ ಉಳಿಯುತ್ತಾನೆ. ಓಡಿ ಬಂದರೂ ಕೆಲಸ ಅದೇ.

ನಿವೃತ್ತ ಮೇಷ್ಟ್ರು

ಈ ಮಾತು ಖರೇ ಐತ್ರಿ. ಅವನ ಪುಸ್ತಕ ಅವ ಬರೀಲಿ.

ಹೊಳೆದಂಡೆ

ಮೇಷ್ಟ್ರು ಗುರಿಗೆ ಹೊಡೆದರು. ಅಷ್ಟು ಓದುಬಲ್ಲ ಗುಲಾಮರಿದ್ದ ರೋಮಿನಿಂದ ಒಬ್ಬನೇ ಒಬ್ಬ ತನ್ನ ಗುಲಾಮಗಿರಿಯ ಕತೆಯನ್ನು ತಾನೇ ಬರೆದ ಪುಸ್ತಕ ನಮಗೆ ಉಳಿದುಬಂದಿಲ್ಲ. ಎಪಿಕ್ಟೀಟಸ್ ಗುಲಾಮನಾಗಿದ್ದ, ದೊಡ್ಡ ತತ್ತ್ವಜ್ಞಾನಿಯಾದ, ಆದರೆ ಅವನ ಮಾತು ನಮಗೆ ಸಿಗುವುದು ಶಿಷ್ಯ ಆರಿಯನ್ ಬರೆದಿಟ್ಟಂತೆ. ಟೀರೊ ಒಡೆಯನ ಜೀವನಚರಿತ್ರೆ ಬರೆದ, ತನ್ನದಲ್ಲ. ಪರ್ಯಾಯ ಇತಿಹಾಸಕ್ಕೆ ಇದಕ್ಕಿಂತ ದೊಡ್ಡ ಕವಲು ಏಕೆ ಬೇಕು? ಡಯೋನೀಸಿಯಸ್ ಬರೆದ, ಅದು ಉಳಿಯಿತು.

ಸುರುಳಿಗಾರ

ಸರಿ. ಹಾಗಾದರೆ ಅವನು ಬರೆಯುವಂಥ, ಬರೆದದ್ದು ಉಳಿಯುವಂಥ ಸಂದರ್ಭ ಹೇಗೆ ಬರುತ್ತದೆ?

ಶಾಸನಪ್ರಿಯೆ

ಚಳಿಯಿಂದ.

ಬಿಡಿಸಿ ಹೇಳುತ್ತೇನೆ. ಸುಲ್ಪಿಸಿಯಸ್ ನಂತರ ಇಲ್ಲಿರಿಯಾಕ್ಕೆ ಬಂದವನು ವಾಟೀನಿಯಸ್. ಒಂದು ಕಾಲಕ್ಕೆ ಸಿಸೆರೊ ತುಂಬಿದ ಸಭೆಯಲ್ಲಿ ಇವನನ್ನು ಹಿಗ್ಗಾಮುಗ್ಗಾ ಜಾಡಿಸಿದ್ದ, ಆಮೇಲೆ ಅವನ ಪರವಾಗಿಯೇ ವಾದಿಸಿದ್ದ. ಕ್ರಿ.ಪೂ. 45ರ ಜುಲೈಯಲ್ಲಿ ನರೋನಾದ ಶಿಬಿರದಿಂದ ವಾಟೀನಿಯಸ್ ಬರೆಯುತ್ತಾನೆ: ನಿನ್ನ ಓಡಿಹೋದ ಓದಾಳು ಇಲ್ಲಿನ ವರ್ದೇಯಿ ಬುಡಕಟ್ಟಿನ ಜನರ ಜೊತೆ ಇದ್ದಾನಂತೆ, ನೀನು ಹೇಳದಿದ್ದರೂ ನೆಲದಲ್ಲೂ ನೀರಲ್ಲೂ ಹುಡುಕಿಸುತ್ತಿದ್ದೇನೆ, ಡಾಲ್ಮೇಷಿಯಾಕ್ಕೆ ಓಡಿದ್ದರೆ ಅಲ್ಲಿಂದಲೂ ಒಂದು ದಿನ ಅಗೆದು ತೆಗೆಯುತ್ತೇನೆ. ಸಿಸೆರೊನ ಉತ್ತರದಲ್ಲಿ ಎರಡು ಮಾತು: ನೀನು ಅವನಿಗೆ ಏನು ಭಾಷೆ ಕೊಟ್ಟಿದ್ದರೂ ನಾನು ನಡೆಸಿಕೊಡುತ್ತೇನೆ. ಹಟ ಮಾಡಿದರೆ ನಿನ್ನ ವಿಜಯದ ಮೆರವಣಿಗೆಯಲ್ಲಿ ಸೆರೆಯಾಳಾಗಿ ನಡೆಸು. 44ರ ಆರಂಭದಲ್ಲಿ ವಾಟೀನಿಯಸ್ ಕೈಚೆಲ್ಲುತ್ತಾನೆ, ಡಯೋನೀಸಿಯಸ್ ವಿಷಯದಲ್ಲಿ ಏನೂ ಆಗಿಲ್ಲ, ಡಾಲ್ಮೇಷಿಯಾದ ಚಳಿ ನನ್ನನ್ನು ಅಲ್ಲಿಂದ ಓಡಿಸಿತು ಎಂದು.

ಆ ಒಂದು ಚಳಿಗಾಲ ಮೆದುವಾಗಿದ್ದಿದ್ದರೆ? ಅವನು ಸಿಕ್ಕುತ್ತಾನೆ. ಆದರೆ 'ಏನು ಭಾಷೆ ಕೊಟ್ಟಿದ್ದರೂ' ಎಂಬ ಪತ್ರ ವಾಟೀನಿಯಸನ ಕೈಯಲ್ಲಿದೆ. ಓದಾಳು ಅದನ್ನು ಓದಬಲ್ಲ.

ಕತೆಕೇಳುಗ

ಮೈ ಜುಮ್ಮೆಂದಿತು. ಆಮೇಲೆ?

ಶಾಸನಪ್ರಿಯೆ

ಆಮೇಲಿನದನ್ನು ಇತಿಹಾಸವೇ ಹೊಂದಿಸಿ ಇಟ್ಟಿದೆ. 44ರ ಮಾರ್ಚ್ 15, ಸೀಸರನ ಕೊಲೆ. ಸಿಸೆರೊನಿಗೆ ಈಗ ಓದಾಳಿನ ಯೋಚನೆಗೆ ಬಿಡುವಿಲ್ಲ. ಬಂದಿ ಶಿಬಿರದಲ್ಲೇ ಉಳಿಯುತ್ತಾನೆ, ವಾಟೀನಿಯಸನ ಲೆಕ್ಕಪತ್ರ ಬರೆಯುತ್ತ. 43ರ ಆರಂಭದಲ್ಲಿ ವಾಟೀನಿಯಸನ ಸೈನ್ಯ ಡಿರ‍್ರಾಕಿಯಮ್‌ನಲ್ಲಿ ಬ್ರೂಟಸನ ಕಡೆಗೆ ಹೋಗುತ್ತದೆ. ಬ್ರೂಟಸನ ಪಾಳೆಯದಲ್ಲಿ ಯಾರಿದ್ದಾರೆ? ಸಿಸೆರೊನ ಮಗ ಮಾರ್ಕಸ್. ಗುಲಾಮನ ಕಣ್ಣೆದುರೇ ಬೆಳೆದ ಹುಡುಗ ಈಗ ಕುದುರೆ ದಳದ ಅಧಿಕಾರಿ. ಬ್ರೂಟಸನೋ, ಕಟ್ಟೆಯಿಂದ ಕೊಂಡುತಂದ ಗುರುವಿನ ಶಿಷ್ಯ. ಮುಂದೆ ಅದೇ ಪಾಳೆಯಕ್ಕೆ ಇಪ್ಪತ್ತರ ಆಸುಪಾಸಿನ ಒಬ್ಬ ಅಧಿಕಾರಿ ಬಂದು ಸೇರುತ್ತಾನೆ, ಅವನ ಅಪ್ಪ ಗುಲಾಮನಾಗಿದ್ದು ಬಿಡುಗಡೆಯಾದವನು. ಆ ಹುಡುಗನ ಹೆಸರು ಹೊರೇಸ್, ಮುಂದಿನ ಮಹಾಕವಿ.

ಹೊಳೆದಂಡೆ

43ರ ಡಿಸೆಂಬರ್ 7ರಂದು ನಡೆದ ಸಿಸೆರೊನ ಕೊಲೆಯ ಕತೆ ನಾನು ಹೇಳುತ್ತೇನೆ. ಆಗ ಅವನ ಹೆಸರೂ ಬಹಿಷ್ಕೃತರ ಪಟ್ಟಿಯಲ್ಲಿತ್ತು. ಬಹಿಷ್ಕೃತನ ತಲೆ ತಂದುಕೊಟ್ಟ ಗುಲಾಮನಿಗೆ ಸ್ವಾತಂತ್ರ್ಯ, 10,000 ದ್ರಾಕ್ಮಾ, ಒಡೆಯನ ಪೌರಹಕ್ಕು ಎಂದು ಸಾರಿದ್ದರು. ಪ್ಲೂಟಾರ್ಕ್ ಹೇಳುವಂತೆ ಸಿಪಾಯಿಗಳಿಗೆ ಪಲ್ಲಕ್ಕಿ ಹೋದ ದಾರಿ ತೋರಿಸಿದವನು ಫಿಲೊಲೊಗಸ್ ಎಂಬ ಯುವಕ, ಕ್ವಿಂಟಸನಿಂದ ಬಿಡುಗಡೆಯಾದವನು, ಸಿಸೆರೊ ತಾನೇ ಕೂರಿಸಿಕೊಂಡು ವಿದ್ಯೆ ಕಲಿಸಿದವನು. ಆದರೆ ಟೀರೊ ತನ್ನ ಬರಹದಲ್ಲಿ ಆ ಹೆಸರನ್ನೇ ಎತ್ತಿಲ್ಲ ಎಂದೂ ಪ್ಲೂಟಾರ್ಕನೇ ಸೇರಿಸುತ್ತಾನೆ. ಅದೇ ದಿನ ಪಲ್ಲಕ್ಕಿ ಹೊತ್ತವರೂ ಗುಲಾಮರೇ. ಒಡೆಯನನ್ನು ಉಳಿಸಲು ಹೊತ್ತುಕೊಂಡು ಓಡಿದವರು. ಡಯೋನೀಸಿಯಸ್ ಈ ಸುದ್ದಿಯನ್ನು ಪಾಳೆಯದಲ್ಲಿ ಮಗ ಮಾರ್ಕಸನಿಗೆ ಗಟ್ಟಿಯಾಗಿ ಓದಿ ಹೇಳಬೇಕಾಗಿ ಬಂದರೆ? ಅದು ಅವನ ಕೆಲಸವೇ ತಾನೆ.

ಪದಕೋಶ

ಇದನ್ನು ಬರೆಯುವವರಿಗೆ ಒಂದು ಕಿವಿಮಾತು. 'ಪುಟ ತಿರುವಿದ' ಎಂದು ಬರೆಯಬೇಡಿ. ಪಪೈರಸ್ ಸುರುಳಿ, ಬಲಗೈಯಿಂದ ಬಿಚ್ಚಿ ಎಡಗೈಯಲ್ಲಿ ಸುತ್ತುವುದು. ಓದಿ ಮುಗಿದ ಮೇಲೆ ಮತ್ತೆ ಮೊದಲಿಗೆ ಸುತ್ತಿಡುವ ಕೆಲಸ ಓದಾಳಿನದು. ಆ ಸುತ್ತುವ ಹೊತ್ತಿನಲ್ಲಿ ಅವನು ಏನು ಯೋಚಿಸುತ್ತಾನೆ ಅನ್ನುವುದರಲ್ಲಿ ಒಂದು ಅಧ್ಯಾಯವಿದೆ.

ನಿವೃತ್ತ ಮೇಷ್ಟ್ರು

ವಾಟೀನಿಯಸ್ ಮೆರವಣಿಗಿ ಮಾಡಿದನೇನ್ರಿ?

ಶಾಸನಪ್ರಿಯೆ

ಮಾಡಿದ. ಕ್ರಿ.ಪೂ. 42ರ ಜುಲೈ ಕೊನೆಗೆ, ಇಲ್ಲಿರಿಯಾ ಗೆದ್ದದ್ದಕ್ಕೆ. ಸೆರೆಯಾಳಾಗಿ ನಡೆಸು ಎಂದವನು ಸತ್ತು ಎಂಟು ತಿಂಗಳಾಗುತ್ತ ಬಂದಿತ್ತು.

ಸುರುಳಿಗಾರ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಆ ಮೆದುವಾದ ಚಳಿಗಾಲವೇ ನನ್ನ ಕವಲು. ಪುಸ್ತಕದ ಮೊದಲ ತುಣುಕನ್ನು ಇಲ್ಲೇ ಹಾಕುತ್ತಿದ್ದೇನೆ. ಕತೆ ಹೇಳುವವನು ಅವನೇ. ಇದು ಕವಲಿಗೂ ಮುಂಚಿನ, ನರೋನಾದ ಒಂದು ಬೆಳಗು.

'ಹೊಳೆಯ ಕಟ್ಟೆಯಲ್ಲಿ ಉಪ್ಪಿನ ಮೂಟೆ ಇಳಿಸುತ್ತಿದ್ದರು. ನನ್ನ ಹೆಸರು ಹಿಡಿದು ಯಾರೋ ಕೂಗಿದರು. ತಿರುಗಬಾರದಿತ್ತು, ತಿರುಗಿದೆ. ಹೆಸರು ಕೂಗಿದರೆ ತಿರುಗುವುದನ್ನು ಮೊದಲು ಕಲಿಸುತ್ತಾರೆ, ಅಕ್ಷರ ಆಮೇಲೆ.

ಬೊಲಾನಸ್. ಟಸ್ಕುಲಮ್ ಮನೆಯ ಊಟದಲ್ಲಿ ಅವನಿಗೆ ಹೋಮರನನ್ನು ಓದಿ ಹೇಳಿದ್ದೆ. ಅವನು ತಿನ್ನುತ್ತಿದ್ದ ಅಂಜೂರದ ಬಣ್ಣ ನೆನಪಿದೆ. ನಾನು ಓದಿದ ಸಾಲು ಅವನಿಗೆ ನೆನಪಿರಲಿಕ್ಕಿಲ್ಲ.

"ಡಯೋನೀಸಿಯಸ್! ನೀನೆಲ್ಲಿ ಇಲ್ಲಿ?"

ಬಾಯಿ ಒಣಗಿತ್ತು. ಗಂಟಲು ಸರಿಮಾಡಿಕೊಂಡು, ಹತ್ತು ಜನರ ಊಟದ ಮನೆಗೆ ಕೇಳಿಸುವಂತೆ ಓದುವ ದನಿಯಲ್ಲಿ, ಎಲ್ಲೂ ಬರೆದಿರದ ಒಂದು ವಾಕ್ಯವನ್ನು ಮೊದಲ ಸಲ ಓದಿದೆ.

"ಒಡೆಯರು ಬಿಡುಗಡೆ ಕೊಟ್ಟರು, ಸ್ವಾಮಿ."

ಅವನು ನಕ್ಕ. "ಟೀರೊನ ಹಾಗೆ! ಒಳ್ಳೆಯದಾಯಿತು." ನನ್ನ ಭುಜ ತಟ್ಟಿದ. ಆಮೇಲೆ, ನಾನು ಹುಟ್ಟಿದಾಗಿನಿಂದ ಯಾರೂ ಮಾಡದ ಕೆಲಸ ಮಾಡಿದ. ಕೈ ಕುಲುಕಲು ಕೈ ಚಾಚಿದ.

ನನ್ನ ಬೆರಳುಗಳಲ್ಲಿ ಮಸಿ ಇತ್ತು. ಒರೆಸಿಕೊಳ್ಳಲಿಲ್ಲ.'

ನಿವೃತ್ತ ಮೇಷ್ಟ್ರು

ಮುಂದಿನದು ಯಾವಾಗ ಹಾಕ್ತೀರಿ?